ಇರಬಹುದು ಎನ್ನುವ ಜರಡಿ

ತಂತ್ರಾಂಶ ಭಂಡಾರ ಇಲಾಖೆಯಲ್ಲಿ ಒಂದೇ ಪ್ಯಾಕೇಜನ್ನು ಎರಡು ಸಲ ಇಡುವುದು ನಿಯಮಬಾಹಿರ. ಪ್ಯಾಕೇಜು ಕಟ್ಟುವುದೆಂದರೆ ಹಗ್ಗ ಬಿಗಿಯುವುದಲ್ಲ. ಯಾರೋ ಬರೆದ ತಂತ್ರಾಂಶವನ್ನು, ಅದಕ್ಕೆ ಬೇಕಾದ ಸಕಲದ ಜೊತೆ, ಯಾವ ಕಂಪ್ಯೂಟರಿನಲ್ಲಾದರೂ ಕೂರುವಂತೆ ಅಣಿಮಾಡುವುದು. ಆ ಕೆಲಸದವಳನ್ನು ಎಲ್ಲರೂ ಗಂಟಮ್ಮ ಎನ್ನುತ್ತಿದ್ದರು. ಈ ಸಲದ ಗಂಟು ಭಂಡಾರ ಸೇರಿದರೆ ಅವಳ ನೌಕರಿ ಖಾಯಂ. ಸೇರದಿದ್ದರೆ ತಿಂಗಳ ಕೊನೆಗೆ ಮನೆಗೆ.

ಗಂಟಿನೊಳಗಿದ್ದುದು ಒಂದು ಜರಡಿ. ಹಿಟ್ಟಿನದಲ್ಲ, ಹೆಸರುಗಳದು. ಅದು ಹೆಸರನ್ನು ಬರೆದಿಡುವುದಿಲ್ಲ. ಪ್ರತಿ ಹೆಸರಿಗೂ ಹಲಗೆಯ ಮೇಲೆ ಗೊತ್ತಾದ ಜಾಗಗಳಲ್ಲಿ ನಾಲ್ಕಾರು ಚುಕ್ಕೆ ಇಡುತ್ತದೆ, ಅಷ್ಟೆ. ಆಮೇಲೆ ಒಂದು ಹೆಸರು ಇದೆಯೇ ಎಂದು ಕೇಳಿದಾಗ ಅದರ ಒಂದು ಚುಕ್ಕೆ ಕಾಣದಿದ್ದರೂ "ಖಂಡಿತ ಇಲ್ಲ" ಎನ್ನುತ್ತದೆ. ಎಲ್ಲವೂ ಕಂಡರೆ "ಇರಬಹುದು" ಎನ್ನುತ್ತದೆ, ಏಕೆಂದರೆ ಅವು ಬೇರೆ ಹೆಸರುಗಳ ಚುಕ್ಕೆಗಳೂ ಆಗಿರಬಹುದು. ಹಲಗೆ ದೊಡ್ಡದಾದಷ್ಟೂ ತಪ್ಪು ಕಡಿಮೆ.

ಮೇಲ್ವಿಚಾರಕರಿಗೆ ಜರಡಿ ಹಿಡಿಸಿತು. ಮಿತವ್ಯಯದ ಆದೇಶದಂತೆ ಹಲಗೆಯನ್ನು ಅಂಗೈಯಗಲಕ್ಕೆ ಇಳಿಸಿ, ಪ್ಯಾಕೇಜು, ನೌಕರರು, ಮೇಜುಕುರ್ಚಿ, ಎಲ್ಲದರ ಹೆಸರನ್ನೂ ಅದಕ್ಕೆ ಸುರಿಸಿದರು. ಹಲಗೆಯ ತುಂಬ ಚುಕ್ಕೆಯೇ ಆಯಿತು. ಬಳಿಕ, ಈ ಜರಡಿ ಭಂಡಾರದಲ್ಲಿ ಮೊದಲೇ ಇದೆಯೇ ಎಂದು ಜರಡಿಯನ್ನೇ ಕೇಳಿದರು.

"ಇರಬಹುದು" ಎಂದಿತು.

"ಇದೆಯಂತಲ್ಲಮ್ಮ. ಎರಡನೇದು ತಗೊಳ್ಳೋಕೆ ಬರಲ್ಲ" ಎಂದರು ಮೇಲ್ವಿಚಾರಕರು.

"ಇಲ್ಲ ಸಾರ್! ಭಂಡಾರ ತೆಗೆದು ಒಂದ್ಸಲ ಕಣ್ಣಲ್ಲಿ ನೋಡಿ."

"ಕಣ್ಣಲ್ಲಿ ನೋಡೋದು ಹಳೇ ಪದ್ಧತಿ. ರದ್ದಾಗಿದೆ."

"ಹಾಗಾದ್ರೆ ನನ್ನ ಕೆಲಸ?" ಗಂಟಮ್ಮ ಕಣ್ಣೊರೆಸಿಕೊಂಡಳು.

"ಅಳಬೇಡಮ್ಮ. ನೀನು ಖಾಯಂ ಆಗಿದ್ದೀಯಾ ಅಂತ ಜರಡಿನೇ ಕೇಳಿಬಿಡೋಣ."

"ಇರಬಹುದು" ಎಂದಿತು ಜರಡಿ.

"ನೋಡು! ಇಷ್ಟು ವರ್ಷ ಅರ್ಜಿ ಹಿಡಿದು ಕಿಟಕಿ ಹತ್ರ ಬಂದೋರಿಗೆಲ್ಲ ನಾನು ಹೇಳ್ತಿದ್ದಿದ್ದೂ ಇದನ್ನೇ. ಯಂತ್ರಕ್ಕೆ ಈಗ ಬುದ್ಧಿ ಬಂತು."

ಸಂಜೆ ಪ್ರಕಟಣೆ ಅಂಟಿಸಲಾಯಿತು: "ಸದರಿ ಪ್ಯಾಕೇಜು ಭಂಡಾರದಲ್ಲಿ ಇರಬಹುದಾದ್ದರಿಂದ ಅದನ್ನು ಸೇರಿಸತಕ್ಕದ್ದಲ್ಲ. ಸದರಿ ನೌಕರರು ಖಾಯಂ ಆಗಿರಬಹುದಾದ್ದರಿಂದ ಅವರನ್ನು ಖಾಯಂ ಮಾಡತಕ್ಕದ್ದಲ್ಲ. ಒಮ್ಮೆ ಹಾಕಿದ ಹೆಸರನ್ನು ತೆಗೆಯಲು ಜರಡಿಗೆ ಬಾರದಿರುವುದರಿಂದ ಕೆಲಸದಿಂದ ತೆಗೆಯತಕ್ಕದ್ದೂ ಅಲ್ಲ."

ತಿಂಗಳ ಕೊನೆಗೆ ಗಂಟಮ್ಮ ಮನೆಗೆ ಹೋಗಲಿಲ್ಲ. ಸಂಬಳದ ಗುಮಾಸ್ತರ ಬಳಿ ಹೋದಳು.

"ನನ್ನ ಸಂಬಳ ಬಂತಾ ಸಾರ್?"

ಗುಮಾಸ್ತರು ಜರಡಿಯನ್ನು ಕೇಳಿ, ತಲೆಯೆತ್ತಿದರು. "ಬಂದಿರಬಹುದಮ್ಮ."

ಗಂಟಮ್ಮ ಥ್ಯಾಂಕ್ಸ್ ಹೇಳಿ ಹೊರಬಂದಳು. ಬಾಗಿಲಲ್ಲೇ ಸಹೋದ್ಯೋಗಿಗಳು ಮುತ್ತಿಕೊಂಡರು.

"ಏನ್ ಗಂಟಮ್ಮ, ಕೆಲಸ ಉಳೀತಲ್ಲ, ನಮಗೆಲ್ಲ ಟೀ ಯಾವಾಗ?"

"ನೀವು ಆಗಲೇ ಕುಡಿದಿರಬಹುದು."

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಹೌದಲ್ವಾ" ಎಂದು ಬಾಯಿ ಒರೆಸಿಕೊಂಡು ತಮ್ಮ ತಮ್ಮ ಮೇಜಿಗೆ ಹೋದರು.