ಬ್ರೇಕು ಸವೆಸಿದ್ದು ಯಾರು?

ಭೂಗೋಳದ ಮೇಷ್ಟ್ರ ಕಾರು ಕಿರುಚಲು ಶುರುಮಾಡಿದ ದಿನದಿಂದ ಅವರ ಮನೆಯಲ್ಲಿ ಮಾತೂ ಒಂದು ಸ್ಥಾಯಿ ಮೇಲಕ್ಕೇರಿತ್ತು. ಮೊದಮೊದಲು ತಿರುವಿನಲ್ಲಿ ಮಾತ್ರ ಕೀ ಎನ್ನುತ್ತಿದ್ದ ಕಾರು ಬರಬರುತ್ತಾ ಗೇಟಿನ ಮುಂದೆ ನಿಂತರೂ ಕೀ, ಎದುರಿಗೆ ಬೆಕ್ಕು ಸುಳಿದರೂ ಕೀ ಎನ್ನತೊಡಗಿತು. ಮೇಷ್ಟ್ರು ಶಾಲೆಯಿಂದ ಬಂದರೆಂಬುದು ಬೀದಿಯ ಆಚೆ ತುದಿಯವರಿಗೂ ಕಿಟಕಿ ತೆರೆಯದೆಯೇ ತಿಳಿಯುತ್ತಿತ್ತು.

"ರೀ, ಬ್ರೇಕ್ ಸವೆದಿದೆ. ಒಮ್ಮೆ ತೋರಿಸಿ," ಎಂದಳು ಹೆಂಡತಿ. ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುವವಳು. ಲಕ್ಷಣ ಕಂಡರೆ ಸುಮ್ಮನಿರುವ ಜಾಯಮಾನ ಅವಳದಲ್ಲ.

"ಧೂಳು," ಎಂದರು ಮೇಷ್ಟ್ರು.

"ಧೂಳಾಗಿದ್ರೆ ತೊಳೆದ ಮೇಲೂ ಯಾಕೆ ಕಿರುಚುತ್ತೆ?"

"ತೊಳೆದಿದ್ದಕ್ಕೇ ಕಿರುಚ್ತಿದೆ. ತೇವ."

(ಭೂಗೋಳ ಪಾಠ ಮಾಡುವವರು ಧೂಳು, ತೇವ, ಗಾಳಿ ಈ ಮೂರರಿಂದಲೇ ಲೋಕದ ಸಮಸ್ತ ವಿದ್ಯಮಾನಗಳನ್ನೂ ವಿವರಿಸಿಬಿಡಬಲ್ಲರು.) ವಿವರಣೆ ಸಾಲದೆ ಹೋದಾಗ ಮೇಷ್ಟ್ರು ಕಾರಿನ ರೇಡಿಯೋ ಜೋರು ಮಾಡಿದರು. ಕಿರುಚಾಟ ಹಾಡಿನಲ್ಲಿ ಮುಳುಗಿತು. ರೋಗ ವಾಸಿಯಾಯಿತೆಂದು ಅವರು ಭಾವಿಸಿದರು.

ರೋಗ ವಾಸಿಯಾಗಿರಲಿಲ್ಲ. ಪೆಡಲು ಮೊದಲಿಗಿಂತ ಆಳಕ್ಕೆ ಇಳಿಯತೊಡಗಿತು, ಕೀ ಎಂಬ ಸದ್ದು ಹೋಗಿ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದಂತೆ ಗರಗರ ಬಂತು. ಒಂದು ಸಂಜೆ ಕಾರು ನಿಲ್ಲಬೇಕಾದಲ್ಲಿ ನಿಲ್ಲದೆ ಇನ್ನಷ್ಟು ಮುಂದೆ ಸಾಗಿ ಸ್ವಂತ ಮನೆಯ ಗೇಟಿಗೇ ಮುತ್ತಿಟ್ಟಿತು. ಆಗ ಮೇಷ್ಟ್ರು ಬ್ರೇಕು ಸವೆದಿರುವುದನ್ನು ದೊಡ್ಡ ಮನಸ್ಸು ಮಾಡಿ ಒಪ್ಪಿಕೊಂಡರು. ಆದರೆ ಸವೆದಿದೆ ಎಂದ ಮೇಲೆ ಸವೆಸಿದವರೊಬ್ಬರು ಇರಲೇಬೇಕಲ್ಲ!

"ನೀನು ಭಾನುವಾರ ಭಾನುವಾರ ಓಡಿಸ್ತೀಯಲ್ಲ, ಅದರ ಪರಿಣಾಮ," ಎಂದರು.

"ವಾರಕ್ಕೊಂದು ದಿನ ನಾನು ಓಡಿಸಿದ್ರೆ ಸವೆಯುತ್ತೆ, ಉಳಿದ ಆರು ದಿನ ನೀವು ಓಡಿಸಿದ್ರೆ ಸವೆಯಲ್ವಾ?"

"ನಾನು ಓಡಿಸೋವಾಗ ಬ್ರೇಕು ವಿಶ್ರಾಂತಿ ತಗೊಳ್ಳುತ್ತೆ."

ಅವಳಿಗೆ ನಗು ಬರಲಿಲ್ಲ. ಆಸ್ಪತ್ರೆಯವರು ಊರಾಚೆ ಹೊಸ ಲ್ಯಾಬು ತೆರೆದಿದ್ದರು. ಬೆಳಗಿನ ಪಾಳಿಯ ಮುಖ್ಯಸ್ಥೆಯಾಗಿ ಸೋಮವಾರದಿಂದ ಬಾ ಎಂದು ಅವಳನ್ನು ಕರೆದಿದ್ದರು. ವರ್ಷಗಟ್ಟಲೆ ಕಾದ ಕೆಲಸ ಅದು. ಅಷ್ಟು ಬೇಗ ಆ ಕಡೆಗೆ ಬಸ್ಸಿಲ್ಲ. ಶಾಲೆಗೆ ಮನೆ ಮುಂದಿನಿಂದಲೇ ಬಸ್ಸಿದೆ. ಲೆಕ್ಕ ಸರಳವಾಗಿತ್ತು, ಆದರೆ ಕಾರಿನ ಕೀಲಿ ಮೇಷ್ಟ್ರ ಜೇಬಿನಲ್ಲಿತ್ತು. "ನೋಡೋಣ" ಎಂಬ ಒಂದೇ ಮಾತಿನಲ್ಲಿ ಅವರು ಇಷ್ಟು ದಿನ ತಳ್ಳಿಕೊಂಡು ಬಂದಿದ್ದರು. ಈಗ ಸವೆದ ಬ್ರೇಕು ಅವರ ಪಾಲಿಗೆ ವರವಾಗಿ ಒದಗಿತ್ತು. ಬ್ರೇಕು ತಿನ್ನುವವಳ ಕೈಗೆ ಕಾರು ಕೊಡುವುದುಂಟೆ?

ಶನಿವಾರ ಇಬ್ಬರೂ ಕಾರನ್ನು ಆಮೆಯಂತೆ ನಡೆಸಿಕೊಂಡು ಪಕ್ಕದ ಬೀದಿಯ ಶೆಡ್ಡಿಗೆ ಹೋದರು. ಬೀದಿಯವರೆಲ್ಲ 'ಗ್ರೀಸಣ್ಣ' ಎಂದು ಕರೆಯುವ ಮೆಕ್ಯಾನಿಕ್ಕು ಚಕ್ರ ಬಿಚ್ಚಿ, ಹಳೆಯ ಬ್ರೇಕ್ ಪ್ಯಾಡು ಹೊರತೆಗೆದು, ಹೊಸದರ ಪಕ್ಕದಲ್ಲಿ ಹಿಡಿದು ತೋರಿಸಿದ. ಹೊಸದು ಹೆಬ್ಬೆರಳಿನಷ್ಟು ದಪ್ಪ. ಹಳೆಯದು ಮದುವೆ ಕಾಗದದಷ್ಟು ತೆಳ್ಳಗಾಗಿತ್ತು.

"ಈ ಪುಟ್ಟ ತಗಡು ಕಾಣ್ತಿದೆಯಾ ಸಾರ್? ಪ್ಯಾಡ್ ಸವೆದಾಗ ಇದು ಚಕ್ರದ ಜೊತೆ ತಿರುಗೋ ಡಿಸ್ಕಿಗೆ ತಗುಲಿ ಕಿರುಚಲಿ ಅಂತಲೇ ಇಟ್ಟಿರ್ತಾರೆ. ಎಷ್ಟು ದಿನದಿಂದ ಕಿರುಚ್ತಿತ್ತು?"

ಹೆಂಡತಿ ಗಂಡನ ಮುಖ ನೋಡಿದಳು. ಗಂಡ ಟೈರಿನ ಮುಖ ನೋಡಿದರು.

"ಡಿಸ್ಕಿಗೂ ಗೀರು ಬಿದ್ದಿದೆ, ಅದನ್ನೂ ಬದಲಾಯಿಸಬೇಕು," ಎಂದ ಗ್ರೀಸಣ್ಣ. "ಹೋದ ವರ್ಷ ನಾನೇ ಹಾಕಿದ ಪ್ಯಾಡು ಇದು. ಇಷ್ಟು ಬೇಗ ಹೋಗಬಾರದು. ಇದು ಗೇರ್ ಹಾಕೋ ತಂಟೆ ಇಲ್ಲದ ಕಾರು ನೋಡಿ, ಎಡಗಾಲಿಗೆ ಕೆಲಸ ಇರಲ್ಲ. ಕೆಲವರು ಅದನ್ನ ಸುಮ್ಮನೆ ತಗೊಂಡು ಹೋಗಿ ಬ್ರೇಕ್ ಮೇಲೆ ಇಟ್ಟುಕೊಂಡೇ ಓಡಿಸ್ತಾರೆ."

"ಕೇಳಿಸ್ತಾ?" ಎಂದರು ಮೇಷ್ಟ್ರು ಹೆಂಡತಿಯತ್ತ ತಿರುಗಿ.

"ಕೇಳಿಸ್ತು. ನಿಮಗೆ?"

"ಯಾರು ಅಂತ ಮಾತ್ರ ನನ್ನನ್ನ ಕೇಳಬೇಡಿ," ಎಂದು ಗ್ರೀಸಣ್ಣ ಎರಡೂ ಕೈ ಎತ್ತಿದ. "ನನಗೆ ಗಂಡನೂ ಗಿರಾಕಿ, ಹೆಂಡತಿಯೂ ಗಿರಾಕಿ."

ಪ್ಯಾಡು, ಡಿಸ್ಕು, ಬ್ರೇಕ್ ಆಯಿಲು ಎಲ್ಲ ಹೊಸದಾದ ಮೇಲೆ ಅವನು ಇನ್ನೊಂದು ಮಾತು ಹೇಳಿದ. ಹೊಸ ಪ್ಯಾಡು ಡಿಸ್ಕಿನ ಜೊತೆ ಹೊಂದಿಕೊಳ್ಳಬೇಕು, ಅದಕ್ಕೆ ಖಾಲಿ ರಸ್ತೆಯಲ್ಲಿ ನಿಧಾನವಾಗಿ ಒಂದು ಸುತ್ತು ಹೋಗಿ ಬನ್ನಿ, ಗಕ್ಕನೆ ತುಳಿಯಬೇಡಿ ಎಂದ. ಅದನ್ನು ಕೇಳಿದ್ದೇ ಮೇಷ್ಟ್ರ ತಲೆಯಲ್ಲಿ ಭವ್ಯವಾದ ಒಂದು ಯೋಜನೆ ಮೂಡಿತು. ಬ್ರೇಕಿನ ಮೇಲೆ ಕಾಲಿಟ್ಟರೆ ಕಾರಿನ ಹಿಂದಿನ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಹಿಂದೆ ಇನ್ನೊಂದು ಕಾರಿನಲ್ಲಿ ಸಾಕ್ಷಿಯೊಬ್ಬರು ಕೂತರೆ ಕಳ್ಳಕಾಲು ಯಾರದೆಂದು ಜಗಜ್ಜಾಹೀರಾಗುತ್ತದೆ!

"ಹೋಗುವಾಗ ನೀನು ಓಡಿಸು, ಬರುವಾಗ ನಾನು. ಹಿಂದೆ ತಮ್ಮನ ಕಾರಲ್ಲಿ ಅಮ್ಮ ಬರಲಿ. ಅಮ್ಮ ಏನು ಹೇಳ್ತಾಳೋ ಅದೇ ತೀರ್ಪು."

"ಅತ್ತೆನಾ?" ಎಂದಳು ಹೆಂಡತಿ.

ಅವಳ ಅನುಮಾನಕ್ಕೆ ಕಾರಣವಿತ್ತು. ಮಗ ಹುಟ್ಟಿದಾಗಿನಿಂದ ಅತ್ತೆ ಅವನ ವಿರುದ್ಧ ಒಂದು ತೀರ್ಪೂ ಕೊಟ್ಟವರಲ್ಲ. ಮಗ ಕೈಜಾರಿ ಗಾಜಿನ ಜಗ್ಗು ಒಡೆದರೆ ಜಗ್ಗು ಮಾರಿದ ಅಂಗಡಿಯವನನ್ನು ಬೈಯುವವರು ಅವರು. ಆದರೂ ಅವಳು ಒಂದು ಗಳಿಗೆ ಯೋಚಿಸಿ, "ಆಗಲಿ. ದೀಪಕ್ಕೆ ಮಗ ಸೊಸೆ ಅಂತ ಭೇದ ಇರಲ್ಲ. ಆದರೆ ಒಂದು ಮಾತು. ನನ್ನದು ತಪ್ಪಾದರೆ ಇನ್ನು ಕೀಲಿ ಕೇಳಲ್ಲ. ನಿಮ್ಮದಾದರೆ ಸೋಮವಾರದಿಂದ ಕೀಲಿ ನನ್ನದು," ಎಂದಳು. ಮೇಷ್ಟ್ರು ಉದಾರವಾಗಿ ನಕ್ಕು ತಲೆಯಾಡಿಸಿದರು.

ಒಂದು ಫೋನಿಗೆ ಅಮ್ಮನನ್ನು ಕೂರಿಸಿಕೊಂಡು ತಮ್ಮ ಬಂದ. ಅಮ್ಮ ಕನ್ನಡಕ ಒರೆಸಿಕೊಂಡು ಮುಂದಿನ ಸೀಟಿನಲ್ಲಿ ನೆಟ್ಟಗೆ ಕೂತರು. ಕಾರಿನ ವಿಷಯ ಅವರಿಗೆ ಏನೇನೂ ತಿಳಿಯದು. ಮೇಷ್ಟ್ರಿಗೂ ಅದೇ ಬೇಕಿತ್ತು. ಸಾಕ್ಷಿಗೆ ಕಾರಣ ತಿಳಿದರೆ ಸಾಕ್ಷ್ಯ ಕೆಡುತ್ತದೆ ಎಂದು ಅವರು ಎಲ್ಲೋ ಓದಿದ್ದರು.

"ಅಮ್ಮಾ, ಯಾಕೆ ಏನು ಅಂತ ಕೇಳಬೇಡ. ನಮ್ಮ ಕಾರಿನ ಹಿಂದಿನ ಕೆಂಪು ದೀಪ ಮಾತ್ರ ನೋಡ್ತಿರು. ಅವಳ ಕೈಯಲ್ಲಿ ಹೇಗಿತ್ತು, ನನ್ನ ಕೈಯಲ್ಲಿ ಹೇಗಿತ್ತು ಅಂತ ಬಂದ ಮೇಲೆ ಹೇಳು, ಸಾಕು." ಆಮೇಲೆ ತಮ್ಮನಿಗೆ, "ನೀನು ಬಾಯಿ ಬಿಡಕೂಡದು," ಎಂದು ತಾಕೀತು ಮಾಡಿದರು.

ಎರಡು ಕಾರುಗಳ ಈ ಮೆರವಣಿಗೆ ಮನೆಗಳಿನ್ನೂ ಏಳದ ಹೊಸ ಬಡಾವಣೆಯ ಖಾಲಿ ರಸ್ತೆಗೆ ಹೊರಟಿತು. ಹೆಂಡತಿ ನೀರಿನ ಟ್ಯಾಂಕಿನವರೆಗೆ ಓಡಿಸಿದಳು. ಸ್ಟೀರಿಂಗ್ ಹಿಡಿದ ಅವಳ ಬೆರಳುಗಳು ಬಿಗಿಯಾಗಿದ್ದವು. ಈ ಕೆಲಸ ತಪ್ಪಿದರೆ ತನಗೆ ಇನ್ನೊಂದು ಸಿಕ್ಕುವುದಿಲ್ಲವೆಂದು ಅವಳಿಗೆ ಗೊತ್ತಿತ್ತು, ಅದಕ್ಕೇ ಭಯವಾಗಿತ್ತು. ಅದನ್ನು ಕಂಡು ಮೇಷ್ಟ್ರ ಮನಸ್ಸು ಸ್ವಲ್ಪ ಕರಗಿತು. ಗೆದ್ದ ಮೇಲೆ ವಾರಕ್ಕೆರಡು ದಿನ ತಾವೇ ಬಿಟ್ಟುಬರೋಣ ಎಂದುಕೊಂಡರು.

ಬರುವಾಗ ಮೇಷ್ಟ್ರ ಸರದಿ. ಆಹಾ, ಏನು ಓಡಿಸಿದರು! ಸುಗಮ, ಗಂಭೀರ, ರಾಜಗಾಂಭೀರ್ಯ. ಬಲಗಾಲು ಹೂವಿನಷ್ಟು ಹಗುರ. ಎಡಗಾಲಿಗಂತೂ ಕೆಲಸವೇ ಇರಲಿಲ್ಲ, ಅದು ಎಂದಿನ ಜಾಗದಲ್ಲಿ ಎಂದಿನಂತೆ ಸುಖವಾಗಿ ಕೂತಿತ್ತು.

ಶೆಡ್ಡಿನ ಮುಂದೆ ಎಲ್ಲರೂ ಇಳಿದರು. ಗ್ರೀಸಣ್ಣ ಕೈ ಒರೆಸಿಕೊಳ್ಳುತ್ತಾ ಹತ್ತಿರ ಬಂದ. ತಮ್ಮ ಮಾತ್ರ ಕಾರಿನಿಂದ ಇಳಿಯದೆ ಸ್ಟೀರಿಂಗಿನ ಮೇಲೆ ಹಣೆಯಿಟ್ಟುಕೊಂಡಿದ್ದ, ಅವನ ಭುಜ ಕುಲುಕುತ್ತಿತ್ತು.

"ಹೇಳಮ್ಮ. ಎಲ್ಲರಿಗೂ ಕೇಳೋ ಹಾಗೆ ಹೇಳು," ಎಂದರು ಮೇಷ್ಟ್ರು.

ಅಮ್ಮ ಸೊಸೆಯನ್ನು ಕನಿಕರದಿಂದ ನೋಡಿದರು. "ಬೇಜಾರು ಮಾಡ್ಕೋಬೇಡ ಕಣಮ್ಮ. ಇದ್ದದ್ದು ಹೇಳ್ಬೇಕಲ್ಲ. ನೀನು ಓಡಿಸೋವಾಗ ದೀಪ ಸರಿ ಇರಲಿಲ್ಲ. ತಿರುವಿನಲ್ಲಿ ಒಮ್ಮೆ ಮಿಣಕ್ ಅಂತು, ಟ್ಯಾಂಕಿನ ಹತ್ರ ಒಮ್ಮೆ ಮಿಣಕ್ ಅಂತು, ಅಷ್ಟೇ. ಮಿಕ್ಕ ದಾರಿಯೆಲ್ಲ ಕತ್ತಲು. ನನ್ನ ಮಗ ಕೂತ ನೋಡು, ಜಗ್ ಅಂತ ಹತ್ತಿಕೊಂಡಿತು! ಇಲ್ಲಿಗೆ ಬರೋವರೆಗೂ ಒಂದು ಕ್ಷಣ ಆರಿದ್ರೆ ಕೇಳು!"

ಗ್ರೀಸಣ್ಣ ಒಂದು ಚಕ್ರವನ್ನು ಬಹಳ ಶ್ರದ್ಧೆಯಿಂದ ಪರೀಕ್ಷಿಸತೊಡಗಿದ.

"ಅಮ್ಮಾ, ಸರಿಯಾಗಿ ನೋಡಿದ್ಯಾ?" ಮೇಷ್ಟ್ರ ದನಿ ಇಳಿದಿತ್ತು. "ನಡುನಡುವೆ ಆರಿರುತ್ತೆ. ನೆನಪು ಮಾಡ್ಕೋ."

ಅಮ್ಮನಿಗೆ ಕೋಪ ಬಂತು. "ನಿನ್ನ ವಿಷಯದಲ್ಲಿ ನಾನು ತಪ್ಪು ನೋಡ್ತೀನೇನೋ? ಕಣ್ಣು ಮಿಟುಕಿಸದೆ ನೋಡಿದೀನಿ. ಬೇಕಾದ್ರೆ ಎಲ್ಲಿ ಬೇಕಾದ್ರೂ ಬಂದು ಹೇಳ್ತೀನಿ!"

ತಮ್ಮ ಕೊನೆಗೂ ಇಳಿದು ಬಂದು, ಕಣ್ಣೊರೆಸಿಕೊಳ್ಳುತ್ತಾ, ಆ ದೀಪದ ಅರ್ಥವೇನೆಂದು ಅಮ್ಮನಿಗೆ ಬಿಡಿಸಿ ಹೇಳಿದ. ಅಮ್ಮ ಬಾಯಿಯ ಮೇಲೆ ಕೈಯಿಟ್ಟುಕೊಂಡರು. ಮೇಷ್ಟ್ರಿಗೆ ಒಂದು ಕ್ಷಣ ಜೀವ ಬಂದಂತಾಯಿತು. ಅಮ್ಮ ಇನ್ನು ಹೇಗಾದರೂ ಮಾಡಿ ತಮ್ಮನ್ನು ಕಾಪಾಡುತ್ತಾಳೆ, ಇಲ್ಲಿಯವರೆಗೆ ಕೈಬಿಟ್ಟದ್ದಿಲ್ಲ.

ಅಮ್ಮ ಕಾಪಾಡಿದರು. "ಅಯ್ಯೋ, ಬೇಕು ಅಂತ ಮಾಡಿದ್ದಲ್ಲ ಕಣಮ್ಮ, ಅವನಿಗೆ ಭಯ," ಎಂದರು ಸೊಸೆಯ ಕೈ ಹಿಡಿದು. "ಚಿಕ್ಕಂದಿನಿಂದಲೂ ಅಷ್ಟೇ. ಮೂರು ಗಾಲಿ ಸೈಕಲ್ ಕೊಡಿಸಿದ್ವಿ. ಒಂದು ಕಾಲು ಪೆಡಲ್ ಮೇಲೆ, ಇನ್ನೊಂದು ಕಾಲು ನೆಲಕ್ಕೆ ಉಜ್ಜಿಕೊಂಡೇ ಹೋಗ್ತಿದ್ದ, ಎಲ್ಲಿ ಓಡಿಬಿಡುತ್ತೋ ಅಂತ. ಯಾವಾಗ ನೋಡಿದ್ರೂ ಎಡಗಾಲಿನ ಚಪ್ಪಲಿಯೇ ಸವೆದಿರೋದು. ಚಪ್ಪಲಿ ಅಂಗಡಿಯವನಿಗೂ ಅರ್ಥ ಆಗ್ತಿರಲಿಲ್ಲ."

ಗ್ರೀಸಣ್ಣ ಪರೀಕ್ಷಿಸುತ್ತಿದ್ದ ಚಕ್ರದ ಹಿಂದಿನಿಂದ ಕೆಮ್ಮಿನಂಥ ಸದ್ದು ಕೇಳಿಸಿತು.

ಮೇಷ್ಟ್ರು ಜೇಬಿಗೆ ಕೈಹಾಕಿ ಕೀಲಿ ತೆಗೆದರು. ಹೆಂಡತಿ ಎರಡೂ ಕೈಯೊಡ್ಡಿ ಇಸಿದುಕೊಂಡಳು. ಅಣಕಿಸುತ್ತಾಳೆಂದು ಅವರು ಕಾದಿದ್ದರು, ಅವಳು ಅಣಕಿಸಲಿಲ್ಲ. ಅವಳಿಗೆ ಅಳುವಷ್ಟು ಸಂತೋಷವಾಗಿತ್ತು. ಆ ಮುಖ ಕಂಡು ಮೇಷ್ಟ್ರಿಗೂ, ಅವಮಾನದ ನಡುವೆಯೇ, ಸ್ವಲ್ಪ ಸಂತೋಷವಾಗಿಹೋಯಿತು. (ಸ್ವಲ್ಪವೇ. ಹೆಚ್ಚಿಲ್ಲ.) ಇರಲಿ, ಪಕ್ಕದ ಸೀಟಾದರೂ ತಮ್ಮದಲ್ಲವೇ ಎಂದು ಮುಂದಿನ ಬಾಗಿಲಿಗೆ ಕೈಹಾಕಿದರು.

"ಮುಂದೆ ಬೇಡ ಕಣೋ, ಎದುರಿಗೆ ಗಾಡಿ ಬಂದ್ರೆ ಹೆದರ್ತೀಯ," ಎಂದರು ಅಮ್ಮ. "ನಾನೂ ಇದೇ ಕಾರಲ್ಲಿ ಬರ್ತೀನಿ. ಹಿಂದೆ ನನ್ನ ಪಕ್ಕ ಬಾ."

ಗ್ರೀಸಣ್ಣ ಓಡಿಬಂದು ಹಿಂದಿನ ಬಾಗಿಲು ತೆಗೆದು ಹಿಡಿದ. ನಲವತ್ತೆಂಟು ತುಂಬಿದ ಮಗು ತಲೆ ತಗ್ಗಿಸಿ ಒಳಗೆ ಕೂತಿತು. ಅಮ್ಮ ತಾವೇ ಬೆಲ್ಟು ಎಳೆದು ಮಗನ ಎದೆಗೆ ಭದ್ರವಾಗಿ ಬಿಗಿದರು.

ಹೆಂಡತಿ ಕನ್ನಡಿ ಸರಿಮಾಡಿಕೊಂಡು, "ಹೊರಡ್ಲಾ ಅತ್ತೆ?" ಎಂದಳು.

"ಹೊರಡಮ್ಮ," ಎಂದರು ಅತ್ತೆ. ಮೇಷ್ಟ್ರನ್ನು ಯಾರೂ ಕೇಳಲಿಲ್ಲ.