ಗಾಲಿಮನೆಯ ಗಾಳಿಚಿಕಿತ್ಸೆ

ಎವರಿಸ್ತೊ ಮಾಡಿದ ತಪ್ಪು ಒಂದೇ ಒಂದು. ಹಿಡಿದ ಕೆಲಸವನ್ನು ಚೆನ್ನಾಗಿ ಮಾಡಿಬಿಟ್ಟ. ಗಂಡಸರು ಮನೆಗೆಲಸದಲ್ಲಿ ಸಾಮಾನ್ಯವಾಗಿ ಈ ತಪ್ಪು ಮಾಡುವುದಿಲ್ಲ. ಗೋಡೆಗೊಂದು ಮೊಳೆ ಹೊಡೆದು, ಹೆಬ್ಬೆರಳಿಗೂ ಒಂದೇಟು ಹಾಕಿಕೊಂಡು, ಮರ್ಯಾದೆಯಿಂದ ಕುರ್ಚಿಗೆ ಮರಳುತ್ತಾರೆ. ಇವನಿಗೆ ಆ ಲೋಕಜ್ಞಾನ ಇರಲಿಲ್ಲ. ಆಸೂಲ್ ಊರಿನ ಅಂಚೆ ಕಚೇರಿಯಲ್ಲಿ ಜೀವಮಾನವಿಡೀ ಮುದ್ರೆ ಒತ್ತಿ ನಿವೃತ್ತವಾದ ಕೈ ಅದು. ಒತ್ತಲಿಕ್ಕೋ ಬಡಿಯಲಿಕ್ಕೋ ಏನಾದರೂ ಬೇಕೆಂದು ಸದಾ ತುರಿಸುತ್ತಿತ್ತು.

ಅದಕ್ಕೆ ಕೆಲಸ ಕೊಟ್ಟಿದ್ದು ಹೆಂಡತಿಯ ಶ್ವಾಸಕೋಶ. ಅವರ ದೇಶದಲ್ಲಿ ಚಳಿಗಾಲ ಬರುವುದು ಜುಲೈಗೆ, ಬೇಸಿಗೆ ಡಿಸೆಂಬರಿಗೆ. ಆ ಜುಲೈ ತಿಂಗಳ ಚಳಿಗೆ ನೆಲಿದಾ ನ್ಯುಮೋನಿಯಾ ಹಿಡಿದು ಆಸ್ಪತ್ರೆ ಸೇರಿದಳು. ಮದುವೆಯಾದ ದಿನದಿಂದ ಗಂಡನಿಗೆ ಬಾಯಿ ತೆರೆಯಲು ಬಿಡದೆ ಮಾತಾಡಿದ ಹೆಂಗಸು, ಈಗ ಎರಡು ಮಾತಿಗೊಮ್ಮೆ ನಿಂತು ಉಸಿರು ಹುಡುಕುತ್ತಿದ್ದಳು. "ಮುದುಕಾ, ಗ್ಯಾಸು..." ಅಂದಳು ಒಂದು ದಿನ. ಅಷ್ಟಕ್ಕೇ ಸೋತು ಕಣ್ಣು ಮುಚ್ಚಿದಳು. 'ಆರಿಸಿ ಬಂದಿದ್ದೀಯಾ, ಇಲ್ಲಾ ಮನೆ ಸುಡಬೇಕು ಅಂತಿದ್ದೀಯಾ ದಡ್ಡ ಮುಂಡೇದೇ' ಎಂಬ ಉಳಿದ ಭಾಗವನ್ನು ಎವರಿಸ್ತೊ ತಾನೇ ಮನಸ್ಸಿನಲ್ಲಿ ಪೂರ್ತಿ ಮಾಡಿಕೊಂಡ. ಆಮೇಲೆ ಹೊರಗೆ ಹೋಗಿ ಗೋಡೆಗೆ ಮುಖ ಹಾಕಿ ಅತ್ತ. (ಗ್ಯಾಸು ಆರಿಸಿರಲಿಲ್ಲ. ಅದು ಬೇರೆ ವಿಷಯ.)

ಹೇಗೋ ಮನೆಗೆ ಬಂದಳು, ಆದರೆ ಉಸಿರು ಅರ್ಧಕ್ಕರ್ಧ ಆಸ್ಪತ್ರೆಯಲ್ಲೇ ಉಳಿದಂತಿತ್ತು. ಡಾಕ್ಟರು ಹೇಳಿದರು: "ಔಷಧಿ ಸಾಕು. ಈ ಬೇಸಿಗೆ ಪೂರ್ತಿ ಸಮುದ್ರದ ಹತ್ರ ಇರ್ಲಿ. ಗಾಳಿ ಕುಡೀಲಿ, ಮರಳಲ್ಲಿ ನಡೀಲಿ."

ಬೇಸಿಗೆಯಿಡೀ ಸಮುದ್ರದೂರಿನಲ್ಲಿ ಕೋಣೆ ಹಿಡಿಯುವುದು ಪಿಂಚಣಿದಾರನ ಹಣೆಯಲ್ಲಿ ಬರೆದಿರಲಿಲ್ಲ. ಆದರೆ ಭಾವಮೈದುನನ ಹಿತ್ತಲಲ್ಲಿ ಒಂದು ಗಾಲಿಮನೆ ಬಿದ್ದಿತ್ತು. ಕಾರಿನ ಬಾಲಕ್ಕೆ ಸಿಕ್ಕಿಸಿ ಎಳೆದೊಯ್ಯುವಂಥದು. ಸದ್ಯಕ್ಕೆ ಅದರಲ್ಲಿ ಕೋಳಿಗಳು ಸುಖವಾಗಿ ಸಂಸಾರ ಮಾಡುತ್ತಿದ್ದವು.

ನೆಲಿದಾ ಬಾಗಿಲಲ್ಲೇ ನಿಂತು ಇಣುಕಿದಳು. "ಈ ಡಬ್ಬೀಲಿ... ಮೂರು ತಿಂಗಳಾ? ಮೂರು ದಿನ... ಆಮೇಲೆ ನಾನು ಬಸ್ಸು ಹತ್ತಿ..." ಬಸ್ಸು ಹತ್ತಿ ಏನು ಮಾಡುವಳೆಂದು ಹೇಳಲು ಉಸಿರು ಸಾಲಲಿಲ್ಲ.

"ಅರಮನೆ ಮಾಡ್ತೀನಿ ನೋಡ್ತಿರು," ಎಂದ ಎವರಿಸ್ತೊ. ಅವಳು ಮೂರು ದಿನಕ್ಕೆ ವಾಪಸು ಹೊರಟರೆ ಮುಂದಿನ ಚಳಿಗಾಲ ಏನಾದೀತೆಂದು ಯೋಚಿಸಲೂ ಅವನಿಗೆ ಧೈರ್ಯವಿರಲಿಲ್ಲ.

ಮಾಡಿಯೂ ಮಾಡಿದ. ಕೋಳಿಗಳನ್ನು ಒಕ್ಕಲೆಬ್ಬಿಸಿದ. ಹಾಸಿಗೆಗೆ ಮೊಣಕೈ ಮುಳುಗುವಷ್ಟು ದಪ್ಪ ಫೋಮು ಹಾಕಿಸಿದ. ಮಲಗಿದಲ್ಲಿಂದಲೇ ಕೈಗೆ ಸಿಗುವಂತೆ ಕಪಾಟು, ಆ ಕಪಾಟಿನಲ್ಲಿ ಟೀವಿ, ಟೀವಿಗೆ ಸೂರಿನ ಮೇಲೆ ಆಂಟೆನಾ. ಕಾಲ ಬಳಿ ಪುಟ್ಟ ಹೀಟರು, ತಲೆಯ ಬಳಿ ಪುಟ್ಟ ಫ್ಯಾನು. ಕರಾವಳಿಯ ಗಾಳಿಗೆ ಮರಳು ನುಗ್ಗುತ್ತದೆಂದು ಕಿಟಕಿ ಬಾಗಿಲುಗಳ ಸಂದುಗೊಂದುಗಳಿಗೆಲ್ಲ ರಬ್ಬರು ಪಟ್ಟಿ ಅಂಟಿಸಿದ. ಡಿಸೆಂಬರಿನಲ್ಲಿ ಅದನ್ನು ಎಳೆದುಕೊಂಡು ಹೋಗಿ ಕ್ಲಾರೊಮೆಕೊ ಊರಿನ ಪೈನ್ ತೋಪಿನಲ್ಲಿ, ಬೇಸಿಗೆಗೆ ಬಂದ ಇತರ ಗಾಲಿಮನೆಗಳ ಸಾಲಿನಲ್ಲಿ ನಿಲ್ಲಿಸಿ, ಗೃಹಪ್ರವೇಶಕ್ಕೆ ಹೆಂಡತಿಯನ್ನು ಕರೆದ.

ನೆಲಿದಾ ಒಳಗೆ ಹೋದಳು. ಫೋಮಿನ ಮೇಲೆ ಕೂತಳು. ಒರಗಿದಳು. "ಪರ್ವಾಗಿಲ್ಲ ಮುದುಕಾ," ಅಂದಳು. ಎವರಿಸ್ತೊನಿಗೆ ಸ್ವರ್ಗ ಮೂರೇ ಗೇಣು.

ಒಂದು ವಾರವಾಯಿತು. ಅವಳು ಬಸ್ಸಿನ ಮಾತೆತ್ತಲಿಲ್ಲ. ಹೊರಗೂ ಬರಲಿಲ್ಲ.

"ಸಮುದ್ರಕ್ಕೆ ಹೋಗಿ ಬಾರೇ," ಎಂದ ಎವರಿಸ್ತೊ, ಸ್ಕ್ರೂ ತಿರುಗಿಸುತ್ತಾ.

"ಧಾರಾವಾಹಿ ಮುಗೀಲಿ."

"ಮುಗೀತಲ್ಲ!"

"ಇನ್ನೊಂದು ಶುರುವಾಯ್ತು. ಸಮುದ್ರ ಎಲ್ಲಿಗೆ ಓಡ್ಹೋಗುತ್ತೆ?"

ಸಮುದ್ರ ಓಡಿಹೋಗಲಿಲ್ಲ. ಎದುರಿನ ಮರಳುದಿಬ್ಬದ ಆಚೆ ತನ್ನ ಪಾಡಿಗೆ ಮೊರೆಯುತ್ತಿತ್ತು. ಆ ಸದ್ದೂ ಒಳಗೆ ಕೇಳಿಸದಷ್ಟು ಭದ್ರವಾಗಿ ಎವರಿಸ್ತೊ ರಬ್ಬರು ಹಾಕಿದ್ದ. ಡಾಕ್ಟರು ಬರೆದುಕೊಟ್ಟ ಗಾಳಿಯನ್ನು ಹೆಂಡತಿಯ ಮೂಗಿನವರೆಗೆ ತಂದು, ಅಲ್ಲೇ ಬಿಗಿಯಾಗಿ ಬಾಗಿಲು ಹಾಕಿದ ಮಹಾಪುರುಷ ತಾನೇ ಎಂಬುದು ಅವನಿಗೆ ಆಗ ಹೊಳೆಯಿತು.

ಅರಮನೆಯನ್ನು ಕೆಡವದೆ ಗತಿಯಿರಲಿಲ್ಲ. ಮೊದಲು, ಗಾಲಿಮನೆಯನ್ನು ಸಮತಟ್ಟಾಗಿ ನಿಲ್ಲಿಸುವ ಮೂಲೆಯ ಜಾಕಿಯನ್ನು ಕಳ್ಳನಂತೆ ಸಡಿಲಿಸಿದ. ಹಾಸಿಗೆ ವಾಲಿತು. ನೆಲಿದಾ ದಿಂಬನ್ನು ಇನ್ನೊಂದು ತುದಿಗೆ ಹಾಕಿಕೊಂಡು ಧಾರಾವಾಹಿ ಮುಂದುವರಿಸಿದಳು. ಆಂಟೆನಾವನ್ನು ಕಾಡಿನ ಕಡೆ ತಿರುಗಿಸಿದ. ಟೀವಿ ಹೋಯಿತು; ಅವಳು ಚೀಲದಿಂದ ಕ್ರೋಶಾ ತೆಗೆದಳು. ಬಾಗಿಲಿನ ರಬ್ಬರು ಕಿತ್ತ. ಗಾಳಿ ನುಗ್ಗಿತು, ಮರಳೂ ನುಗ್ಗಿತು. ಅವಳು ಅವನ ಉಣ್ಣೆಯ ಸ್ವೆಟರು ಹಾಕಿಕೊಂಡು, "ಮುದುಕಾ, ಬಾಗಿಲು ಸರಿ ಮಾಡು," ಎಂದಳು.

ಸೋತ ಎವರಿಸ್ತೊ ಡ್ರಿಲ್ಲಿಂಗ್ ಮೆಷಿನ್ನು ತಂದು ಗುರ್‍ರ್ ಎನ್ನಿಸಿದ. ತಗಡಿನ ಡಬ್ಬಿಯೊಳಗೆ ಅದರ ಸದ್ದು ಕೇಳಿದರೆ ಹಲ್ಲೆಲ್ಲ ಸಡಿಲವಾಗಬೇಕು. ಎರಡು ತೂತು ಬೀಳುವಷ್ಟರಲ್ಲಿ ನೆಲಿದಾ ಎದ್ದಳು.

"ಥೂ! ಮನೇಲಿ ಮನುಷ್ಯರು ಇರೋ ಹಾಗಿಲ್ಲ!" ಎಂದು ಮಾಟೆ ಎಂಬ ಎಲೆಕಷಾಯ ಹೀರುವ ಸೋರೆಬುರುಡೆ, ಬಿಸಿನೀರಿನ ಫ್ಲಾಸ್ಕು ಎತ್ತಿಕೊಂಡು ದಿಬ್ಬದ ಕಡೆ ನಡೆದಳು. ಊಟದ ಹೊತ್ತಿಗೆ ಬಂದಾಗ ಕೆನ್ನೆಯಲ್ಲಿ ಸ್ವಲ್ಪ ಬಣ್ಣವಿತ್ತು.

ಸಿಕ್ಕಿತಲ್ಲ ಮದ್ದು! ಬಾಗಿಲು ಅಂದೇ ಸರಿಯಾಯಿತು, ಆದರೆ ಡ್ರಿಲ್ಲು ನಿಲ್ಲಲಿಲ್ಲ. ಕೊರೆಯಲು ಏನೂ ಉಳಿಯದಿದ್ದಾಗ ಎವರಿಸ್ತೊ ಒಂದು ಹಲಗೆ ತಂದು, ದಿನಾ ತಿಂಡಿಯಾದ ಕೂಡಲೇ ಅದಕ್ಕೆ ತೂತು ಕೊರೆಯತೊಡಗಿದ. ಹಲಗೆ ಜರಡಿಯಾದಾಗ ತೂತುಗಳಿಗೆ ಮೇಣ ತುಂಬಿ, ವಾರ್ನಿಷು ಬಳಿದು, ಮತ್ತೆ ಕೊರೆದ. ಅವಳು ದಿನಾ ಬೈದುಕೊಂಡು ಹೊರಗೆ ಹೋದಳು. ಹಾಗೆ ಡಿಸೆಂಬರು ಜನವರಿಯಾಯಿತು, ಜನವರಿ ಫೆಬ್ರವರಿಯಾಯಿತು. ಹೊರಡುವಾಗಿನ ಬೈಗುಳ ದಿನೇದಿನೇ ಉದ್ದವಾಗುವುದನ್ನು ಅವನು ಡ್ರಿಲ್ಲು ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದ. ಬಂದಾಗ ಹಾಡು ಗುನುಗುತ್ತಿದ್ದಳು. ಎವರಿಸ್ತೊ ಮರದಪುಡಿಯ ನಡುವೆ ಕೂತು, ಮೇಲೆ ನೋಡಿ, ದೇವರಿಗೆ ಕೈಮುಗಿಯುತ್ತಿದ್ದ. ತಾನು ಇನ್ನೂ ಸಮುದ್ರ ನೋಡಿಲ್ಲವೆಂಬುದು ಅವನಿಗೆ ನೆನಪೇ ಆಗಲಿಲ್ಲ.

ಮಾರ್ಚಿನಲ್ಲಿ ಊರಿಗೆ ಹೊರಡುವ ಹಿಂದಿನ ದಿನ ನೆಲಿದಾ ಅವನ ಕೈಯಿಂದ ಡ್ರಿಲ್ಲು ಕಿತ್ತುಕೊಂಡಳು.

"ನಡಿ. ಸಮುದ್ರ ನೋಡದೆ ಸಮುದ್ರದೂರಿಂದ ವಾಪಸ್ ಹೋದ ಅನ್ನಿಸ್ಕೋಬೇಡ."

ದಿಬ್ಬದ ಅರ್ಧಕ್ಕೆ ಬರುವಷ್ಟರಲ್ಲಿ ಎವರಿಸ್ತೊನ ಎದೆ ತಿದಿಯಾಯಿತು. ಬೇಸಿಗೆಯಿಡೀ ಕುಡಿದ ವಾರ್ನಿಷಿನ ಘಾಟು, ನುಂಗಿದ ಮರದಪುಡಿ ಎಲ್ಲ ಒಟ್ಟಿಗೆ ಲೆಕ್ಕ ಕೇಳಿದವು. ನಿಂತ. ಕೆಮ್ಮಿದ. ನೆಲಿದಾ ಆಗಲೇ ನೆತ್ತಿಯ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು, ಒಂದು ಚೂರೂ ಏದುಸಿರಿಲ್ಲದೆ.

ಕೆಳಗೆ ಮರಳಿನಲ್ಲಿ ತೋಪಿನ ಗಾಲಿಮನೆಗಳ ಹೆಂಗಸರು ಸುತ್ತ ಕೂತು ಮಾಟೆ ಹೀರುತ್ತಿದ್ದರು. ತೇಕುತ್ತ ಇಳಿದುಬಂದ ಎವರಿಸ್ತೊನನ್ನು ಕಂಡದ್ದೇ ಎಲ್ಲರೂ ಎದ್ದರು. ಪಕ್ಕದ ಗಾಲಿಮನೆಯ ಎಲ್ಸಿರಾ ಓಡಿಬಂದು ಅವನ ರಟ್ಟೆ ಹಿಡಿದಳು.

"ಮೆಲ್ಲಗೆ ಎವರಿಸ್ತೊ ಅವ್ರೇ, ಮೆಲ್ಲಗೆ! ಹೊರಗೆ ಬಂದ್ರಲ್ಲ, ಅಷ್ಟು ಸಾಕು! ಎಲ್ರೂ ನಿಮಗೋಸ್ಕರ ಪ್ರಾರ್ಥನೆ ಮಾಡ್ತಿದ್ವಿ!" ಮಕ್ಕಳಿಗೂ ಕಿವುಡರಿಗೂ ಹೇಳುವಂತೆ ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ, ಗಟ್ಟಿಯಾಗಿ ಹೇಳಿದಳು.

ಅವನನ್ನು ಛತ್ರಿಯ ಕೆಳಗಿನ ಕುರ್ಚಿಯಲ್ಲಿ ಕೂರಿಸಿದರು. ಒಬ್ಬಳು ಕಾಲಿಗೆ ಶಾಲು ಸುತ್ತಿದಳು. ಇನ್ನೊಬ್ಬಳು ನೆಲಿದಾಳ ಬೆನ್ನು ಸವರಿ, "ನಿನ್ನಂಥ ಹೆಂಡತಿ ಸಿಗೋಕೆ ಪುಣ್ಯ ಮಾಡಿರ್ಬೇಕು. ತಲೆ ಸರಿಯಿಲ್ಲದ ಗಂಡನ್ನ ಗಾಳಿ ಬದಲಾವಣೆಗೆ ಅಂತ ಇಷ್ಟು ದೂರ ಕರ್ಕೊಂಡ್ಬಂದು..." ಎಂದು ಕಣ್ಣೊರೆಸಿಕೊಂಡಳು. ಎಲ್ಸಿರಾ ತನ್ನ ಚೀಲದಿಂದ ಒಂದು ಹೊಸ ಹಲಗೆ ತೆಗೆದಳು. "ತಗೊಳ್ಳಿ. ನಮ್ಮನೆಯವ್ರಿಗೆ ಬೇಡವಂತೆ. ಎಷ್ಟು ಬೇಕಾದ್ರೂ ತೂತು ಮಾಡ್ಕೊಳ್ಳಿ, ಯಾರೂ ಏನೂ ಅನ್ನಲ್ಲ."

ಎವರಿಸ್ತೊ ಸತ್ಯ ಹೇಳಲು ಬಾಯಿ ತೆರೆದ. "ರೋಗಿ... ನಾನಲ್ಲ..." ಎಂದ. ಮುಂದಕ್ಕೆ ಉಸಿರಿರಲಿಲ್ಲ. ಹೆಂಗಸರು ಮುಖ ಮುಖ ನೋಡಿಕೊಂಡರು.

ನೆಲಿದಾ ಬಗ್ಗಿ ಅವನ ಶಾಲು ಸರಿಪಡಿಸುತ್ತಾ ಶುರುಮಾಡಿದಳು: "ನಂಗೇನೂ ಗೊತ್ತಾಗಲ್ಲ ಅಂದ್ಕೊಂಡಿದ್ಯಾ, ಜಾಕಿ ಸಡಿಲ ಮಾಡಿದ್ದು ಗೊತ್ತು, ಆಂಟೆನಾ ತಿರುಗಿಸಿದ್ದು ಗೊತ್ತು, ರಬ್ಬರು ಕಿತ್ತದ್ದೂ ಗೊತ್ತು, ನನ್ನ ಹೊರಗೆ ಕಳಿಸ್ಬೇಕಿದ್ರೆ ಹೋಗಿ ಬಾ ಹೋಗಿ ಬಾ ಅನ್ನೋ ಬದಲು ಬಾ ನೆಲೀ ಇಬ್ರೂ ಹೋಗೋಣ ಅಂತ ಒಂದು ಮಾತು ಅಂದಿದ್ರೆ ಸಾಕಿತ್ತು, ಅದು ಬಿಟ್ಟು ಬೇಸಿಗೆಯಿಡೀ ಆ ಡಬ್ಬಿಯೊಳಗೆ ವಾರ್ನಿಷು ಕುಡ್ಕೊಂಡು ಕೂತಿದ್ದೀಯಲ್ಲೋ ಗೂಬೆ, ನಿಂಗೇನಾದ್ರೂ ಆಗಿದ್ರೆ ನಾನು ಯಾರನ್ನ ಬೈಕೊಂಡು ಬದುಕ್ಲಿ?"

ಎವರಿಸ್ತೊ ಕಿವಿಯಿಟ್ಟು ಕೇಳಿದ. ಮೊದಲಿಂದ ಕೊನೆತನಕ ಒಂದೇ ಉಸಿರು. ಎಲ್ಲೂ ತಡೆಯಲಿಲ್ಲ, ಎಲ್ಲೂ ಹುಡುಕಲಿಲ್ಲ. ಅವನ ಕಣ್ಣಲ್ಲಿ ನೀರು ತುಂಬಿ ಗಲ್ಲಕ್ಕಿಳಿಯಿತು.

"ಇನ್ನೊಂದ್ಸಲ ಬೈ ನೆಲೀ," ಎಂದು ಕೈ ಹಿಡಿದುಕೊಂಡು ಬೇಡಿದ.

ಎಲ್ಸಿರಾ ನಿಟ್ಟುಸಿರುಬಿಟ್ಟು, ಹಲಗೆಯನ್ನು ಅವನ ತೊಡೆಯ ಮೇಲೆ ಇನ್ನಷ್ಟು ಭದ್ರವಾಗಿ ಇರಿಸಿದಳು.