ಏಳನೇ ಪುಟದ ಮೂವತ್ತೆಂಟು ಸಹಿ

ಎಲ್ಲಕ್ಕೂ ಕಾರಣ ಏಳನೇ ಪುಟದಲ್ಲಿದ್ದ ಒಂದು ಖಾಲಿ ಚೌಕ.

ಎರಡು ಸಾವಿರದ ಆರನೇ ಇಸವಿ, ನವೆಂಬರ್ ತಿಂಗಳ ಒಂದು ಶುಕ್ರವಾರ. ಕಾರವಾರಕ್ಕೆ ಅಂಟಿದ ಶಿರವಾಡದ ಬಾಡಿಗೆ ಕಟ್ಟಡವೊಂದರಲ್ಲಿದ್ದ ವಿಶ್ವವಿದ್ಯಾಲಯದ ವರ್ತನಾ ವಿಜ್ಞಾನ ಕೇಂದ್ರಕ್ಕೆ ಸುಜಯ ಗಾಂವಕರ ಬೆಳಿಗ್ಗೆ ಒಂಬತ್ತಕ್ಕೇ ಬಂದು, ಅನುದಾನದ ಅರ್ಜಿಯನ್ನು ಕೊನೆಯ ಸಲ ತಿರುವಿ ಹಾಕುತ್ತಿದ್ದ. ದಿಲ್ಲಿಯ ಮಂಡಳಿಗೆ ಹೋಗಬೇಕಾದ ಅರ್ಜಿ ಅದು. ವಿಷಯ, 'ಕರಾವಳಿಯ ಜನರಲ್ಲಿ ಸಹಕಾರ ಪ್ರವೃತ್ತಿ'. ಸಂಜೆ ಐದರೊಳಗೆ ಕಾರವಾರದ ಅಂಚೆ ಕಚೇರಿಯ ಮುದ್ರೆ ಬೀಳದಿದ್ದರೆ ಆ ನಲವತ್ತು ಪುಟ ಶೇಂಗಾ ಕಟ್ಟುವುದಕ್ಕೆ ಮಾತ್ರ ಯೋಗ್ಯ. ಏಳನೇ ಪುಟದಲ್ಲಿ 'ಸ್ಥಳೀಯ ಸಹಭಾಗಿಗಳ ಹೆಸರು ಮತ್ತು ಸಹಿ' ಎಂದು ಅಚ್ಚಾಗಿದ್ದ ಚೌಕದಲ್ಲಿ ಏನೂ ಇರಲಿಲ್ಲ.

ಸುಜಯ ಹಾಳೆಯ ಬೆನ್ನನ್ನೂ ತಿರುವಿ ನೋಡಿದ. ಆರು ವರ್ಷದಿಂದ ಅವನು ಕೇಂದ್ರದಲ್ಲಿ ಹಂಗಾಮಿ ಸಹಾಯಕ. ಆ ತಿಂಗಳ ಕೊನೆಗೆ ಆ ಹಂಗಾಮಿ ಕೆಲಸವೂ ಮುಗಿಯುವುದಿತ್ತು. ಅರ್ಜಿಯ ಒಂಬತ್ತನೇ ಪುಟದಲ್ಲಿ 'ಯೋಜನಾ ಸಹಾಯಕ, ಒಂದು ಹುದ್ದೆ, ಮೂರು ವರ್ಷ' ಎಂಬ ಸಾಲಿತ್ತು. ಅದು ನಿನಗೇ ಎಂದು ಕೇಂದ್ರದ ಮುಖ್ಯಸ್ಥ ಪ್ರೊಫೆಸರ್ ರಾಮನಾಥರು ಮಾತು ಕೊಟ್ಟಿದ್ದರು. ಹೆಂಡತಿ ಮಾನಸಾ ಆಗಲೇ ಅದನ್ನು ಕೇರಿಗೆಲ್ಲ ಹೇಳಿಬಿಟ್ಟಿದ್ದಳು.

"ಸರ್, ಏಳನೇ ಪುಟದಲ್ಲಿ ಸಹಿ ಆಗಿಲ್ಲ."

ರಾಮನಾಥರು ಕನ್ನಡಕ ಏರಿಸಿದರು. "ಅರೇ, ಅದು ನಿಶಾ ಮೇಡಂ ಕೆಲ್ಸ ಅಲ್ದಾ? ಅವ್ರಿಗೆ ಕೇಳು."

ನಿಶಾ ಮೇಡಂ ಅಂಕೋಲೆಯ ಕಾಲೇಜೊಂದರಲ್ಲಿ ಮನಃಶಾಸ್ತ್ರ ಕಲಿಸುವವರು, ಈ ಯೋಜನೆಯ ಸಹಸಂಶೋಧಕಿ. ಸುಜಯ ಅಲ್ಲೇ ನಿಂತು ಫೋನು ಹಚ್ಚಿದ.

"ಸಹಿ ತರುದು ನಿಮ್ಮ ಸರ್ ಕೆಲ್ಸ. ಅವ್ರಿಗೇ ಕೇಳು" ಎಂದರು ಮೇಡಂ.

ಸರ್ ಮೂರು ಅಡಿ ದೂರದಲ್ಲೇ ಕೂತಿದ್ದರು. ಆದರೂ ಫೋನು ಈಚೆ ಕೊಡು ಅನ್ನಲಿಲ್ಲ. ಅವರಿಬ್ಬರೂ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಜೊತೆಯಾಗಿ ಬರೆದ ಲೇಖನವೊಂದರಲ್ಲಿ ಯಾರ ಹೆಸರು ಮೊದಲು ಬರಬೇಕು ಎಂಬುದಕ್ಕೆ ಶುರುವಾದ ಜಗಳ ಅದು. ಲೇಖನ ಇದ್ದದ್ದು ಜನ ಕೂಡಿ ದುಡಿಯುವುದು ಹೇಗೆ ಎಂಬುದರ ಮೇಲೆ. ಅಂದಿನಿಂದ ಅವರು ಇವರಿಗೆ ಹೇಳಬೇಕಾದ್ದು, ಇವರು ಅವರಿಗೆ ಹೇಳಬೇಕಾದ್ದು ಎಲ್ಲವೂ ಸುಜಯನ ಮೂಲಕವೇ ಹೋಗಿ ಬಂದು ಮಾಡುತ್ತಿತ್ತು. ಕೆಲವೊಮ್ಮೆ ಯಾರ ಸಿಟ್ಟನ್ನು ಯಾರಿಗೆ ಒಯ್ಯುತ್ತಿದ್ದೇನೆ ಎಂಬುದೇ ಅವನಿಗೆ ಮರೆತುಹೋಗುತ್ತಿತ್ತು.

"ಹೋಗ್ಲಿ ಬಿಡು" ಎಂದರು ರಾಮನಾಥರು. "ಈಗ್ಲೇ ಬೆಳಂಬಾರಕ್ಕೆ ಹೋಗು. ಅಲ್ಲಿ ಕಾಶಿ ಹೇಳಿ ಒಬ್ಬ ತಂಡೇಲ ಇದ್ದಾನೆ, ರಂಪಣಿ ಬಲೆಯ ಯಜಮಾನ. ಒಂದು ಸಹಿ ಹಾಕ್ಸ್ಕಂಡು ಬಾ. ಎರಡು ನಿಮಿಷದ ಕೆಲ್ಸ. ಮತ್ತೆ ನೋಡು, ಅಂವ ನಮ್ಮ ಕೇಂದ್ರದ ಸಹಭಾಗಿ ಹೇಳಿ ಬರೀಬೇಕು. ಅಂಕೋಲೆ ಕಾಲೇಜಿನ ಹೆಸ್ರು ಎಲ್ಲೂ ಬರುಕಾಗ."

"ಹೌದು ಸರ್."

ಕುಲಸಚಿವರ ಮೊಹರು ಬಿದ್ದ ಪ್ರತಿ ಅದೊಂದೇ. ಸುಜಯ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಎದೆಗವಚಿಕೊಂಡು ಬಸ್ಸು ಹತ್ತಿದ.

ಬಸ್ಸು ಅಮದಳ್ಳಿ ದಾಟುವಾಗ ಮೊಬೈಲು ಹಾಡಿತು. ನಿಶಾ ಮೇಡಂ.

"ನಿನ್ನ ಮೆಸೇಜು ನೋಡ್ದೆ. ಬೆಳಂಬಾರಕ್ಕೆ ಹೊರಟ್ಯಾ? ಒಳ್ಳೇದಾಯ್ತು. ಕಾಶಿ ನಮ್ಮ ಕಾಲೇಜಿನ ಸಹಭಾಗಿ ಅಂತ ಬರಸ್ಕೊ. ಕಾರವಾರದ ಹೆಸ್ರು ಹಾಕ್ಬೇಡ."

"ಹೌದು ಮೇಡಂ."

ಐದು ನಿಮಿಷಕ್ಕೆ ರಾಮನಾಥರ ಫೋನು. "ಮೇಡಂ ಫೋನ್ ಮಾಡಿದ್ರಾ? ಎಂತ ಹೇಳಿದ್ರು?"

"ಎಂತ ಇಲ್ಲ ಸರ್, ಹುಷಾರಾಗಿ ಹೋಗು ಅಂದ್ರು."

ಇಬ್ಬರಿಗೂ ಹೌದು ಅಂದಾಗಿತ್ತು. ಕಾಶಿ ಯಾರ ಪೈಕಿ ಎಂದು ಬರೆಯುವುದು? ಅಂಕೋಲೆ ಮುಟ್ಟುವವರೆಗೆ ಸುಜಯ ಅದನ್ನೇ ಯೋಚಿಸಿದ. ಅಂಕೋಲೆಯಲ್ಲಿ ರಿಕ್ಷಾ ಹತ್ತಿ ಬೆಳಂಬಾರದ ದಂಡೆಯಲ್ಲಿ ಇಳಿದಾಗಲೂ ತಲೆ ಅಷ್ಟೇ ಗೊಂದಲದಲ್ಲಿತ್ತು.

ದಂಡೆಯ ಮೇಲೆ ರಂಪಣಿ ಎಳೆಯುವುದು ನಡೆದಿತ್ತು. ದೋಣಿ ಅರ್ಧಚಂದ್ರದ ಹಾಗೆ ಸಮುದ್ರಕ್ಕೆ ಬಲೆ ಬಿಟ್ಟು ಬಂದಿತ್ತು. ಅದರ ಎರಡು ತುದಿಯ ಹಗ್ಗ ಹಿಡಿದು ಕೇರಿಯ ಗಂಡಸರು, ಹೆಂಗಸರು, ಮುದುಕರು ಎರಡು ಸಾಲಾಗಿ ಹಿಂದೆ ಹಿಂದೆ ನಡೆಯುತ್ತ ಎಳೆಯುತ್ತಿದ್ದರು. ನಡುವೆ ನಿಂತು ಕೂಗುತ್ತಿದ್ದ ದಪ್ಪ ಮೀಸೆಯವನೇ ಕಾಶಿ ಹರಿಕಂತ್ರ.

"ಕಾಶಿಯವ್ರೆ, ಒಂದು ಸಹಿ ಬೇಕಿತ್ತು."

ಕಾಶಿ ತಿರುಗಿ ನೋಡಲಿಲ್ಲ. "ಬಲೆ ನೀರಾಗೆ ಇದ್ದಾಗ ಬೇರೆ ಮಾತಿಲ್ಲ ಮಾಸ್ತರೆ. ಹಗ್ಗ ಹಿಡೀರಿ."

"ನಂಗೆ ಟೈಮಿಲ್ಲ."

"ಮೀನಿಗೂ ಟೈಮಿಲ್ಲ. ಹಿಡೀರಿ."

ಸಾಲಿನಲ್ಲಿದ್ದ ಮುದುಕಿ ಗಂಗೂ ಸುಜಯನ ಕೈಯಿಂದ ಚೀಲ ಕಿತ್ತುಕೊಂಡು ತನ್ನ ಮೀನಿನ ಬುಟ್ಟಿಯಡಿ ಇಟ್ಟಳು. "ಬೂಟ್ಸು ಬಿಚ್ಚು ತಮಾ. ನೋಡ್ತಾ ನಿಂತವ್ರಿಗೆ ಇಲ್ಲಿ ಜಾಗಿಲ್ಲ" ಎಂದು ಹಗ್ಗದ ತುದಿ ಕೊಟ್ಟಳು.

ಸುಜಯ ಎಳೆದ. ಎರಡು ಸಲ ಮರಳಿನಲ್ಲಿ ಕುಂಡೆ ಊರಿ ಬಿದ್ದ. ಪ್ಯಾಂಟು ಮೊಣಕಾಲಿನವರೆಗೆ ಒದ್ದೆಯಾಯಿತು, ಅಂಗೈಯಲ್ಲಿ ಗುಳ್ಳೆ ಎದ್ದವು. ಅರ್ಧ ತಾಸು ಅಂದುಕೊಂಡದ್ದು ಎರಡು ತಾಸಾಯಿತು. ಆದರೂ ಯಾಕೋ ಖುಷಿಯಾಗುತ್ತಿತ್ತು. ಆರು ವರ್ಷ ಮನೆಮನೆಗೆ ಹೋಗಿ 'ನೀವು ನೆರೆಯವರೊಂದಿಗೆ ಎಷ್ಟು ಸಹಕರಿಸುತ್ತೀರಿ?' ಎಂದು ಕೇಳಿದ್ದ. ಯಾರೂ ಅವನನ್ನು 'ಬಾ, ಇಲ್ಲಿ ಹಿಡಿ' ಎಂದು ಕರೆದಿರಲಿಲ್ಲ.

ಬಲೆ ದಂಡೆಗೆ ಬಂತು. ಬಂಗಡೆ ಮೀನು ಬೆಳ್ಳಗೆ ಚಿಮ್ಮುತ್ತಿತ್ತು. ಅಲ್ಲೇ ಪಾಲು ಹಾಕಿದರು. ಒಂದು ರಾಶಿ ಸುಜಯನ ಮುಂದೂ ಬಿತ್ತು.

"ನಂಗೆ ಎಂತಕ್ಕೆ?"

"ಹಗ್ಗಕ್ಕೆ ಕೈ ಹಚ್ಚಿದವ್ರಿಗೆಲ್ಲಾ ಉಂಟು" ಎಂದ ಕಾಶಿ. "ಕಲೆಕ್ಟರ್ರು ಬಂದು ಎಳೆದ್ರೂ ಉಂಟು. ಈಗ ಹೇಳಿ, ಎಂಥದು ಸಹಿ?"

ಸುಜಯ ಕಾಗದ ತೆಗೆದು ತೋರಿಸಿದ. ಬೆಳಂಬಾರದವರು ನಮ್ಮ ಜೊತೆ ಕೂಡಿ ಕೆಲಸ ಮಾಡುತ್ತಾರೆ ಎಂದು ಸರಕಾರಕ್ಕೆ ತಿಳಿಸುವುದು, ಅದಕ್ಕೆ ನೀವೊಬ್ಬರು ಸಹಿ ಹಾಕಿದರೆ ಸಾಕು ಎಂದು ಬಿಡಿಸಿ ಹೇಳಿದ.

ಕಾಶಿಯ ಮುಖ ಗಂಟಿಕ್ಕಿತು. "ನಾನೊಬ್ನೇ ಹಾಕುದಾ? ಇಷ್ಟ್ ಹೊತ್ತು ಇವ್ರೆಲ್ಲ ಎಂತ ಆಟ ಆಡ್ತಿದ್ರಾ? ಮಾಸ್ತರೆ, ಈ ದಂಡೆಗೆ ಬಂದದ್ದು ಎಂಥದೇ ಇರ್ಲಿ, ತಂಡೇಲ ಒಬ್ನೇ ಇಟ್ಕಂಬುಕಾಗ. ನಾಳೆ ಯಾರೂ ನನ್ನ ಬಲೆಗೆ ಕೈ ಹಚ್ಚುದಿಲ್ಲ. ಹಾಕಿದ್ರೆ ಎಲ್ಲಾರೂ ಹಾಕ್ತ್ರು. ಇಲ್ಲದಿದ್ರೆ ಇಲ್ಲ."

"ಚೌಕದಲ್ಲಿ ಎರಡೇ ಸಾಲು ಉಂಟು!"

"ಸುತ್ತಾ ಜಾಗ ಉಂಟಲ್ಲ" ಎಂದಳು ಗಂಗೂ.

ಸುಜಯ ಗಡಿಯಾರ ನೋಡಿದ. ಒಂದೂವರೆ. ವಾದ ಮಾಡುವಷ್ಟು ಹೊತ್ತಿನಲ್ಲಿ ಹತ್ತು ಸಹಿ ಆದರೂ ಆಗುತ್ತದೆ ಎಂದು ಅವನಿಗೆ ಅನ್ನಿಸಿತು. ಸಹಿ ಶುರುವಾಯಿತು. ಚೌಕದ ಎರಡು ಸಾಲು ಕಾಶಿ ಒಬ್ಬನಿಗೇ ಸಾಲಲಿಲ್ಲ. ಮುಂದಿನವು ಅಂಚಿಗೆ ಹೋದವು, ಅಂಚಿನಿಂದ ಕೆಳಕ್ಕೆ, ಕೆಳಗಿನಿಂದ ಹಾಳೆಯ ಬೆನ್ನಿಗೆ. ಗಂಗೂ ಹೆಬ್ಬೆಟ್ಟು ಒತ್ತಬೇಕೆಂದಾಗ ಮೀನುಗಾರರ ಸಂಘದಿಂದ ಶಾಯಿಯ ಪ್ಯಾಡು ತರಿಸಿದ್ದಾಯಿತು. ಅವಳು ಎರಡೂ ಹೆಬ್ಬೆರಳು ಒತ್ತಿದಳು. ಕೇಳಿದರೆ, "ನಾ ಎರಡೂ ಕೈಯಾಗೆ ಎಳದ್ನಲ್ಲ" ಎಂದಳು.

ನಡುವೆ ರಾಮನಾಥರ ಫೋನು ಬಂತು. "ಸಹಿ ಆಯ್ತೇನೋ?"

"ಆಗ್ತಾ ಉಂಟು ಸರ್."

"ಒಂದು ಸಹಿಗೆ ಎಷ್ಟು ಹೊತ್ತೋ ಮಾರಾಯ? ಅವ್ನ ಹೆಸ್ರು ಅಷ್ಟು ಉದ್ದ ಉಂಟಾ?"

ಮೂವತ್ತೇಳು ಜನರದ್ದು ಮುಗಿಯಿತು. ಸುಜಯ ಕಾಗದ ಮಡಚಲು ಹೋದಾಗ ಕಾಶಿ ಅವನ ಕೈ ಹಿಡಿದ. "ನಿಮ್ದೆಲ್ಲಿ?"

"ನಂದು ಬೇಡ. ನಾನು ಆಫೀಸಿನವ."

"ಆಫೀಸಿನವ ಆದ್ರೆ? ಹಗ್ಗ ಹಿಡಿದವ್ರ ಹೆಸ್ರು ಬಿಟ್ರೆ ನಮ್ಗೆ ಒಳ್ಳೇದಾಗುದಿಲ್ಲ. ಹಾಕಿ ಮಾಸ್ತರೆ."

ಕೇಂದ್ರದಿಂದ ಆರು ವರ್ಷದಲ್ಲಿ ಹನ್ನೊಂದು ಲೇಖನ ಹೊರಬಿದ್ದಿದ್ದವು. ಎಲ್ಲಕ್ಕೂ ಊರೂರು ತಿರುಗಿ ಮಾಹಿತಿ ತಂದವನು ಸುಜಯ. ಒಂದರಲ್ಲೂ ಅವನ ಹೆಸರಿರಲಿಲ್ಲ. ಈ ಜನ ಎರಡು ತಾಸಿನ ಪರಿಚಯಕ್ಕೆ ಹೆಸರು ಬರೆ ಎಂದು ಕೈ ಹಿಡಿದು ಕೂತಿದ್ದರು. ಅವನು ಪೆನ್ನು ತೆಗೆದ. ಹಾಳೆಯ ಬೆನ್ನಿನ ಕೊನೆಯ ಮೂಲೆಯಲ್ಲಿ ಸುಜಯ ಗಾಂವಕರ ಎಂದು ಪೂರ್ತಿ ಹೆಸರು ಬರೆದು, ಕೆಳಗೊಂದು ಗೆರೆಯನ್ನೂ ಎಳೆದ. ಯಾರ ಪೈಕಿ ಎಂದು ಬರೆಯುವುದಕ್ಕೆ ಅಲ್ಲಿ ಜಾಗವೇ ಉಳಿದಿರಲಿಲ್ಲ.

ಅಂಕೋಲೆಯ ಬಸ್ ನಿಲ್ದಾಣದಲ್ಲಿ ನಿಶಾ ಮೇಡಂ ಕಾಯುತ್ತಿದ್ದರು. ಹಾಳೆ ನೋಡಿದವರೇ ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟರು.

"ಇದೆಂತ, ಮತದಾರರ ಪಟ್ಟಿಯಾ?"

"ಹಗ್ಗ ಎಳೆದವ್ರು ಮೇಡಂ..."

ಅಷ್ಟರಲ್ಲಿ ಸುಜಯನ ಮೊಬೈಲಿಗೆ ಮತ್ತೆ ರಾಮನಾಥರ ಫೋನು. ಮೇಡಂ ಅದನ್ನು ಕಸಿದುಕೊಂಡರು. "ಸರ್, ನಾನು ನಿಶಾ. ನಿಮ್ಮ ಸುಜಯ ಎಂತ ಮಾಡ್ಕಂಡು ಬಂದಿದ್ದ ಗೊತ್ತುಂಟಾ?"

ಎರಡು ವರ್ಷದ ಮೇಲೆ ಅವರಿಬ್ಬರೂ ನೇರವಾಗಿ ಮಾತಾಡಿದರು. ಹತ್ತು ನಿಮಿಷ ಮಾತಾಡಿದರು. ಇಂಥವನನ್ನು ಇಟ್ಟುಕೊಂಡದ್ದೇ ತಪ್ಪು ಎಂಬಲ್ಲಿ ಇಬ್ಬರ ಅಭಿಪ್ರಾಯವೂ ಒಂದೇ ಆಯಿತು. ಆ ಹತ್ತು ನಿಮಿಷದಲ್ಲಿ ಕಾರವಾರದ ಬಸ್ಸು ಹೊರಟುಹೋಯಿತು. ಮುಂದಿನದು ಸಿಕ್ಕಿದಾಗ ಮೂರೂ ಮುಕ್ಕಾಲು. ಇನ್ನು ಇವನನ್ನು ನಂಬಬಾರದು ಎಂದು ಮೇಡಂ ತಾವೂ ಹತ್ತಿದರು. ಸುಜಯನ ಬಂಗಡೆ ಚೀಲದ ವಾಸನೆಗೆ ಅಕ್ಕಪಕ್ಕದ ಸೀಟು ಖಾಲಿಯೇ ಉಳಿಯಿತು.

ಅಂಚೆ ಕಚೇರಿಯ ಬಾಗಿಲಲ್ಲಿ ರಾಮನಾಥರು ಬೆವರುತ್ತ ನಿಂತಿದ್ದರು. ಐದಕ್ಕೆ ಹತ್ತು ನಿಮಿಷ. ಹಾಳೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ಅದಕ್ಕೆ ಮೀನಿನ ಸಿಪ್ಪೆಯೊಂದು ಅಂಟಿಕೊಂಡು ಹೊಳೆಯುತ್ತಿತ್ತು.

"ಕಳಿಸುದಾ ಬಿಡುದಾ?" ಎಂದು ಮೇಡಂ ಅವರನ್ನು ಕೇಳಿದರು.

"ಬೇರೆ ಪ್ರತಿ ಇಲ್ಲ. ಕಳಿಸಿ ಸರ್, ಹೋದ್ರೆ ಹೋಗ್ಲಿ."

ಕೌಂಟರಿನ ಗುಮಾಸ್ತ ಮೂಗು ಅರಳಿಸಿದ. "ಮೀನು ಪಾರ್ಸಲ್ ನಾವು ತಗಳ್ಳುದಿಲ್ಲ."

"ಅದು ಚೀಲದ್ದು ಮಾರಾಯ್ರೆ. ಇದು ಸಂಶೋಧನೆ!" ಎಂದು ರಾಮನಾಥರು ಕೂಗಿದರು.

ಐದಕ್ಕೆ ಎರಡು ನಿಮಿಷವಿರುವಾಗ ಮುದ್ರೆ ಬಿತ್ತು. ಸುಜಯನ ಬಂಗಡೆಯನ್ನು ಸರ್ ಮತ್ತು ಮೇಡಂ ಅರ್ಧರ್ಧ ಮಾಡಿಕೊಂಡು ಮನೆಗೆ ಹೋದರು. ಸುಜಯ ಮರಳು ತುಂಬಿದ ಬೂಟಿನಲ್ಲಿ ಶಿರವಾಡಕ್ಕೆ ನಡೆದ. ತಿಂಗಳ ಕೊನೆಗೆ ಕೆಲಸ ಹೋಯಿತು. ಏಳನೇ ಪುಟ ಕೆಡಿಸಿದವನಿಗೆ ಇನ್ನೊಂದು ತಿಂಗಳು ಕೊಡಿ ಎಂದು ಕೇಳುವ ಮುಖವೂ ಅವನಿಗಿರಲಿಲ್ಲ. ಮನೆಯ ಜಗಲಿಯಲ್ಲಿ ಹೈಸ್ಕೂಲು ಮಕ್ಕಳಿಗೆ ಪಾಠ ಹೇಳತೊಡಗಿದ. ಕೇರಿಯವರು ಮೂರು ವರ್ಷದ ಆರ್ಡರ್ ಎಲ್ಲಿ ಎಂದು ಕೇಳುತ್ತಾರೆಂದು ಮಾನಸಾ ಬಾವಿಕಟ್ಟೆಗೆ ಹೋಗುವ ಹೊತ್ತನ್ನೇ ಬದಲಾಯಿಸಿಕೊಂಡಳು.

ಮಾರ್ಚಿನಲ್ಲಿ ರಾಮನಾಥರೇ ಫೋನು ಮಾಡಿದರು. "ಸುಜಯ, ಓಡಿ ಬಾ. ಬಂತು!"

ಅವನು ಚಪ್ಪಲಿಯನ್ನೂ ಹಾಕದೆ ಓಡಿದ. ಕೇಂದ್ರದಲ್ಲಿ ಪೇಢೆ ಹಂಚುತ್ತಿದ್ದರು. ಸರ್ ಮತ್ತು ಮೇಡಂ ಒಂದೇ ಮೇಜಿನೆದುರು ಕೂತು ನಗುತ್ತಿದ್ದರು. ಕೇಳಿದ ಅಷ್ಟೂ ಅನುದಾನ ಮಂಜೂರಾಗಿತ್ತು. ತಜ್ಞರ ಸಮಿತಿ ಏಳನೇ ಪುಟವನ್ನೇ ಹೊಗಳಿತ್ತು. ಬೇರೆಯವರೆಲ್ಲ ಸಹಭಾಗಿತ್ವದ ಮೇಲೆ ಪುಟಗಟ್ಟಲೆ ಬರೆದಿದ್ದಾರೆ, ಇವರು ಮಾಡಿಯೇ ತೋರಿಸಿದ್ದಾರೆ, ಅರ್ಜಿಗೆ ಕಡಲ ವಾಸನೆಯೂ ಇದೆ ಎಂದು ಬರೆದಿತ್ತು. ರಾಮನಾಥರು ಸುಜಯನನ್ನು ಅಪ್ಪಿಕೊಂಡರು.

"ಸರ್, ನನ್ನ ಆರ್ಡರ್?"

ರಾಮನಾಥರ ನಗು ನಿಂತಿತು. ಅವರು ಮೇಡಂ ಮುಖ ನೋಡಿದರು, ಮೇಡಂ ಪೇಢೆಯನ್ನು ನೋಡಿದರು. ಪತ್ರದ ಎರಡನೇ ಹಾಳೆಯನ್ನು ಸುಜಯನೇ ಓದಿಕೊಂಡ. 'ಸಹಭಾಗಿಗಳೆಂದು ಸಹಿ ಮಾಡಿದವರು ಯಾರೂ ಈ ಯೋಜನೆಯಲ್ಲಿ ಸಂಬಳದ ಹುದ್ದೆ ಪಡೆಯತಕ್ಕದ್ದಲ್ಲ.'

"ಮೂವತ್ತೆಂಟನೇ ಹೆಸ್ರು ನಿಂದು" ಎಂದರು ರಾಮನಾಥರು, ನಿಜವಾದ ದುಃಖದಿಂದ. "ಕೆಳಗೆ ಗೆರೆ ಬೇರೆ ಎಳದ್ದೆ. ಎಂತಕ್ಕೆ ಹಾಕಿದ್ಯೋ?"

ಸುಜಯ ಪತ್ರವನ್ನು ಮಡಚಿ ಪೇಢೆಯ ಪೆಟ್ಟಿಗೆಯ ಪಕ್ಕ ಇಟ್ಟ.

ಹುದ್ದೆಗೆ ದಂಡೆಯವರ ಮಾತು ಬಲ್ಲ ಪದವೀಧರನೇ ಬೇಕಿತ್ತು. ಬೆಳಂಬಾರದಲ್ಲಿ ಏಳನೇ ಪುಟದ ಹೊರಗೆ ಉಳಿದಿದ್ದ ಪದವೀಧರ ಒಬ್ಬನೇ. ಕಾಶಿಯ ತಂಗಿಯ ಮಗ ಕಿಶನ. ಆ ಶುಕ್ರವಾರ ಹಗ್ಗ ಎಳೆಯುವುದು ತಪ್ಪಿಸಿಕೊಂಡು ಅವನು ಕುಮಟೆಗೆ ಸಿನಿಮಾಕ್ಕೆ ಹೋಗಿದ್ದ. ಮೂರು ವರ್ಷದ ಆರ್ಡರ್ ಅವನ ಹೆಸರಿಗೆ ಬಂತು.

ಜೂನಿನಲ್ಲಿ ಒಂದು ಮಧ್ಯಾಹ್ನ ಕಿಶನ ಹೊಸ ಅಂಗಿ ಹಾಕಿಕೊಂಡು ಶಿರವಾಡದ ಮನೆಗೆ ಬಂದ. ಮೂವತ್ತೆಂಟು ಸಹಭಾಗಿಗಳಿಂದಲೂ ಪ್ರಶ್ನಾವಳಿ ತುಂಬಿಸುವುದು ಅವನ ಮೊದಲ ಕೆಲಸವಾಗಿತ್ತು. ಪ್ರಶ್ನಾವಳಿ ತಯಾರಿಸಿದವನು ಸುಜಯನೇ.

"ಸರ್, ಕೊನೇ ಪ್ರಶ್ನೆ. ಈ ಸಹಕಾರದಿಂದ ನಿಮ್ಗೆ ಎಷ್ಟು ಲಾಭ ಆಯ್ತು? ಐದಕ್ಕೆ ಎಷ್ಟು ಹಾಕ್ಲಿ?"

ಒಳಗಿನಿಂದ ಮಾನಸಾಳ ಮಾತು ಕೇಳಿಸಿತು. "ಸೊನ್ನೆ ಹಾಕ್ಕೊ ಹೇಳಿ."

ಕಿಶನ ಹಾಳೆಯನ್ನು ಮೇಲೆ ಕೆಳಗೆ ಹುಡುಕಿದ. "ಸೊನ್ನೆ ಇಲ್ಲ ಅಕ್ಕಾ. ಒಂದರಿಂದಲೇ ಶುರು. ಯಾರು ಮಾಡಿದ್ದೋ ಏನೋ."

ಸೊನ್ನೆ ಇಟ್ಟರೆ ಜನ ಯೋಚಿಸದೆ ಅದನ್ನೇ ಹೇಳುತ್ತಾರೆ ಎಂದು ಸರ್ ಜೊತೆ ಒಂದು ವಾರ ವಾದ ಮಾಡಿ ಅದನ್ನು ತೆಗೆಸಿಹಾಕಿದ್ದು ಸುಜಯನಿಗೆ ಚೆನ್ನಾಗಿ ನೆನಪಿತ್ತು.

"ಒಂದು ಹಾಕ್ಕೊ" ಎಂದ ಅವನು.